ಕಣ್ಣು ಕಿವಿಗಳೆರಡೂ ಮುಚ್ಚಿದವರ ಚರಿತ್ರೆ: ಚಾಮರಾಜನಗರ–ಗುಂಡ್ಲುಪೇಟೆ ಸೀಮೆಯನ್ನು ಕುರಿತ ಕೆಲವು ವಿಚಾರಗಳು

ಒಂದು ನಾಡು ತನ್ನ ದುರ್ಬಲರನ್ನು ಹೇಗೆ ಕಂಡಿತೆಂಬುದನ್ನು ಅರಿಯಲು ಅದರ ಜನಗಣತಿಯ ಪಟ್ಟಿಗಳನ್ನು ನೋಡಬೇಕು. ಬ್ರಿಟಿಷರ ಕಾಲದಲ್ಲಿ 1931ರವರೆಗೆ ನಡೆದ ಗಣತಿಗಳಲ್ಲಿ ಅಂಗವೈಕಲ್ಯಗಳಿಗೆ ಪ್ರತ್ಯೇಕ ಅಂಕಣಗಳಿದ್ದವು: ಕುರುಡರು, ಕಿವುಡು-ಮೂಕರು, ಬುದ್ಧಿಭ್ರಮಣೆಯವರು, ಕುಷ್ಠರೋಗಿಗಳು. ಮೈಸೂರು ಸಂಸ್ಥಾನವೂ ಇದೇ ಪದ್ಧತಿಯನ್ನು ಅನುಸರಿಸಿತು. ಆಗ ಚಾಮರಾಜನಗರ, ಗುಂಡ್ಲುಪೇಟೆಗಳು ಮೈಸೂರು ಜಿಲ್ಲೆಯ ತಾಲ್ಲೂಕುಗಳು. ಅಲ್ಲಿನ ಗಣತಿದಾರನು ಕುರುಡನನ್ನು ಒಂದೆಡೆ, ಕಿವುಡನನ್ನು ಇನ್ನೊಂದೆಡೆ ಬರೆದುಕೊಂಡನು. ಎರಡೂ ಒಂದೇ ಜೀವದಲ್ಲಿ ಕೂಡಿದಾಗ ಅದು ಮೂರನೆಯದೇ ಆದ ಒಂದು ಸ್ಥಿತಿ ಎಂಬ ತಿಳಿವಿಗೆ ಆ ವರ್ಗೀಕರಣದಲ್ಲಿ ಹೆಸರೇ ಇರಲಿಲ್ಲ.

ಹೆಸರಿಲ್ಲದುದಕ್ಕೆ ಶಾಲೆಯೂ ಇರಲಿಲ್ಲ. 1901ರಲ್ಲಿ ಎಂ. ಶ್ರೀನಿವಾಸರಾಯರು ಮೈಸೂರಿನಲ್ಲಿ ಅಂಧರಿಗೂ ಕಿವುಡರಿಗೂ ಒಂದು ಶಾಲೆಯನ್ನು ತೆರೆದುದು ನಮ್ಮ ನಾಡಿನ ವಿದ್ಯಾಚರಿತ್ರೆಯಲ್ಲಿ ಮಹತ್ವದ ಸಂಗತಿ. ಕನ್ನಡ ಅಕ್ಷರಗಳನ್ನು ಬ್ರೈಲ್ ಚುಕ್ಕಿಗಳಿಗೆ ಹೊಂದಿಸುವ ಕಾರ್ಯದಲ್ಲಿಯೂ ಅವರ ಹೆಸರು ಮೊದಲು ಬರುತ್ತದೆ. ಆದರೆ ಆ ಶಾಲೆಯ ಹೆಸರಿನಲ್ಲಿಯೇ ಅಂದಿನ ಚಿಂತನೆಯ ಎಲ್ಲೆಯೂ ಕಾಣುತ್ತದೆ. ಒಂದೇ ಸೂರಿನಡಿ ಎರಡು ಬಗೆಯ ಮಕ್ಕಳಿದ್ದರು, ಎರಡು ಬಗೆಯ ಪಾಠವಿತ್ತು. ಅಂಧರಿಗೆ ಕಿವಿಯ ಮೂಲಕ, ಕಿವುಡರಿಗೆ ಕಣ್ಣಿನ ಮೂಲಕ. ಈ ಎರಡು ದಾರಿಗಳೂ ಮುಚ್ಚಿದ ಮಗುವಿಗೆ ಎರಡು ಪಾಠಗಳನ್ನು ಕೂಡಿಸಿ ಕೊಟ್ಟರೆ ಪ್ರಯೋಜನವಿಲ್ಲ. ಅದಕ್ಕೆ ಬೇಕಾದದ್ದು ಬೇರೆಯೇ ವಿದ್ಯೆ.

ನಮ್ಮ ಸಂಪ್ರದಾಯವು ಅಂಧರಿಗೆ ಎಂತಹ ಉನ್ನತ ಸ್ಥಾನವನ್ನು ಕಲ್ಪಿಸಿತೆಂಬುದಕ್ಕೆ ಗದಗಿನ ವೀರೇಶ್ವರ ಪುಣ್ಯಾಶ್ರಮವೇ ಸಾಕ್ಷಿ. ಹಾನಗಲ್ಲ ಕುಮಾರ ಶಿವಯೋಗಿಗಳ ಆಶ್ರಯದಲ್ಲಿ ಬೆಳೆದ ಪಂಚಾಕ್ಷರ ಗವಾಯಿಗಳು, ಅವರ ತರುವಾಯ ಪುಟ್ಟರಾಜ ಗವಾಯಿಗಳು, ಕಣ್ಣಿಲ್ಲದ ನೂರಾರು ಮಕ್ಕಳಿಗೆ ನಾದದ ಮೂಲಕ ಬಾಳನ್ನು ಕಟ್ಟಿಕೊಟ್ಟರು. ಇದನ್ನು ಎಷ್ಟು ಕೊಂಡಾಡಿದರೂ ಕಡಮೆಯೇ. ಆದರೆ ನಾದವು ಕಿವಿಯುಳ್ಳವರ ಸಂಪತ್ತು. ಅದೂ ಇಲ್ಲದವರ ಪ್ರಶ್ನೆ ಆ ಮಹನೀಯರ ಕಾಲದಲ್ಲಿ ಯಾರ ಮುಂದೆಯೂ ಸ್ಪಷ್ಟವಾಗಿ ನಿಂತಿರಲಿಲ್ಲ.

ಪಶ್ಚಿಮದಲ್ಲಿ ಆ ಪ್ರಶ್ನೆಗೆ ಉತ್ತರ ದೊರೆತದ್ದು ಸ್ಪರ್ಶದಲ್ಲಿ. ಅಮೆರಿಕದ ಪರ್ಕಿನ್ಸ್ ಶಾಲೆಯಲ್ಲಿ ಸ್ಯಾಮ್ಯುಯೆಲ್ ಗ್ರಿಡ್ಲಿ ಹೌ ಎಂಬ ವೈದ್ಯರು 1837ರಲ್ಲಿ ಲಾರಾ ಬ್ರಿಜ್‌ಮನ್ ಎಂಬ ಬಾಲೆಗೆ ಬೆರಳಿನಿಂದ ಭಾಷೆಯನ್ನು ಕಲಿಸತೊಡಗಿದರು. ಐವತ್ತು ವರ್ಷಗಳ ನಂತರ, 1887ರಲ್ಲಿ, ಅದೇ ಶಾಲೆಯಲ್ಲಿ ಕಲಿತ ಆನ್ ಸಲಿವನ್ ಹೆಲೆನ್ ಕೆಲರಳ ಅಂಗೈಯಲ್ಲಿ ಅಕ್ಷರಗಳನ್ನು ಮೂಡಿಸಿದರು. ಹೆಲೆನ್ ಕೆಲರ್ 1955ರಲ್ಲಿ ಭಾರತಕ್ಕೆ ಬಂದಾಗ ಪ್ರಧಾನಿ ನೆಹರೂ ಅವರನ್ನು ಭೇಟಿಯಾದರು. ದೇಶವೇ ಬೆರಗಿನಿಂದ ನೋಡಿತು. ಬೆರಗು ಪಟ್ಟಷ್ಟು ನಾವು ಕಲಿಯಲಿಲ್ಲವೆಂದೇ ಹೇಳಬೇಕು. ಮುಂಬಯಿಯಲ್ಲಿ ಬೆರೋಜ್ ವಾಚಾ ಅವರು ಹೆಲೆನ್ ಕೆಲರ್ ಹೆಸರಿನ ಸಂಸ್ಥೆಯನ್ನು ಸ್ಥಾಪಿಸಿದ್ದು 1977ರಲ್ಲಿ, ಆಕೆಯ ಭೇಟಿಯಾಗಿ ಇಪ್ಪತ್ತೆರಡು ವರ್ಷಗಳಾದ ಮೇಲೆ.

ಇನ್ನು ಈ ಸ್ಥಿತಿ ಹೇಗೆ ಉಂಟಾಗುತ್ತದೆಂಬುದನ್ನು ವಿಚಾರಿಸೋಣ. ಕಾರಣಗಳು ಹಲವು, ಅವುಗಳಲ್ಲಿ ಎರಡು ನಮ್ಮ ಸೀಮೆಯವರು ವಿಶೇಷವಾಗಿ ತಿಳಿಯತಕ್ಕವು.

ಮೊದಲನೆಯದು ರುಬೆಲ್ಲಾ ಎಂಬ ಜ್ವರ. ಮೈಮೇಲೆ ಸಣ್ಣ ಗುಳ್ಳೆಗಳೆದ್ದು ನಾಲ್ಕಾರು ದಿನಗಳಲ್ಲಿ ಮಾಯವಾಗುತ್ತದೆ. ಹಳ್ಳಿಗಳಲ್ಲಿ ಇಂತಹುದನ್ನೆಲ್ಲ 'ಅಮ್ಮ' ಎಂದು ಕರೆದು, ಬೇವಿನ ಸೊಪ್ಪು ಕಟ್ಟಿ ಸುಮ್ಮನಾಗುವುದು ವಾಡಿಕೆ. ಬಸುರಿಗೆ ಮೊದಲ ಮೂರು ತಿಂಗಳಲ್ಲಿ ಇದು ತಗುಲಿದರೆ ತಾಯಿ ಸುಖವಾಗಿಯೇ ಚೇತರಿಸಿಕೊಳ್ಳುತ್ತಾಳೆ. ಗರ್ಭದಲ್ಲಿರುವ ಶಿಶುವಿನ ಕಣ್ಣಿಗೆ ಪೊರೆ, ಕಿವಿಗೆ ಕಿವುಡು, ಹೃದಯಕ್ಕೆ ದೋಷ ಬರಬಹುದು. ಇದನ್ನು ಮೊದಲು ಗುರುತಿಸಿದವರು ಆಸ್ಟ್ರೇಲಿಯದ ನೇತ್ರವೈದ್ಯ ನಾರ್ಮನ್ ಗ್ರೆಗ್, ವರ್ಷ 1941. ಪೊರೆಯಿರುವ ಶಿಶುಗಳು ಮೇಲಿಂದ ಮೇಲೆ ಬರುತ್ತಿದ್ದುದನ್ನು ಕಂಡು ಅವರು ತಾಯಂದಿರ ಬಸುರಿನ ದಿನಗಳ ಕಾಯಿಲೆಯತ್ತ ಗಮನ ಹರಿಸಿದರು. 1964–65ರಲ್ಲಿ ಅಮೆರಿಕದಲ್ಲಿ ಈ ರೋಗ ಹಬ್ಬಿದಾಗ ಸುಮಾರು 20,000 ಶಿಶುಗಳು ಇಂತಹ ದೋಷಗಳೊಡನೆ ಜನಿಸಿದವು. ಲಸಿಕೆ 1969ರಲ್ಲಿಯೇ ಅಲ್ಲಿ ಬಳಕೆಗೆ ಬಂತು. ನಮ್ಮಲ್ಲಿ ಸಾರ್ವತ್ರಿಕವಾಗಿ ಬಂದುದು 2017ರ ಫೆಬ್ರುವರಿಯಲ್ಲಿ, ಅದೂ ಕರ್ನಾಟಕ, ತಮಿಳುನಾಡು ಮೊದಲಾದ ಐದು ಪ್ರದೇಶಗಳಲ್ಲಿ ಮೊದಲಿಗೆ. ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದೊಳಗಿನ ಮಕ್ಕಳಿಗೆ ದಡಾರ-ರುಬೆಲ್ಲಾ ಚುಚ್ಚುಮದ್ದು ಹಾಕಲಾಯಿತು. ಆಗ ಹಬ್ಬಿದ ವದಂತಿಗಳನ್ನು ಹಲವರು ಮರೆತಿರಲಾರರು. ಅರ್ಧ ಶತಮಾನ ತಡವಾಗಿ ಬಂದುದಕ್ಕೂ ನಾವು ಅನುಮಾನದಿಂದಲೇ ಸ್ವಾಗತ ನೀಡಿದೆವು.

ಎರಡನೆಯ ಕಾರಣ ರಕ್ತದಲ್ಲಿ ಬರುವಂತಹುದು. ಹುಟ್ಟುಕಿವುಡಾದ ಮಗುವಿಗೆ ಕೆಲವು ವರ್ಷಗಳಲ್ಲಿ ಇರುಳುಗಣ್ಣು ಆರಂಭವಾಗಿ, ಪಕ್ಕದ ನೋಟ ಕುಗ್ಗುತ್ತ, ಕೊನೆಗೆ ಕೊಳವೆಯಲ್ಲಿ ನೋಡಿದಂತಾಗುವ ರೋಗವೊಂದಿದೆ. 1914ರಲ್ಲಿ ಇದರ ಆನುವಂಶಿಕತೆಯನ್ನು ವಿವರಿಸಿದ ಸ್ಕಾಟ್‌ಲೆಂಡಿನ ಚಾರ್ಲ್ಸ್ ಅಶರ್ ಅವರ ಹೆಸರಿನಿಂದಲೇ ಇದನ್ನು ಕರೆಯುತ್ತಾರೆ. ಅವರಿಗೂ ಮೊದಲೇ, 1861ರಲ್ಲಿ, ಬರ್ಲಿನ್ನಿನ ಕಿವುಡರನ್ನು ಪರೀಕ್ಷಿಸಿದ ಲೀಬ್‌ರೈಖ್ ಎಂಬ ವೈದ್ಯರು ರಕ್ತಸಂಬಂಧಿಗಳ ಮದುವೆಯಿಂದ ಹುಟ್ಟಿದವರಲ್ಲಿ ಇದು ಹೆಚ್ಚೆಂದು ಗಮನಿಸಿದ್ದರು. ಅಲ್ಲಿಂದ ನಮ್ಮ ಮನೆಯಂಗಳಕ್ಕೆ ದೂರವೇನಿಲ್ಲ. ಅಕ್ಕನ ಮಗಳನ್ನು ತರುವುದು, ಸೋದರತ್ತೆಯ ಮಗನಿಗೆ ಕೊಡುವುದು ದಕ್ಷಿಣ ಕರ್ನಾಟಕದ ಹಳೆಯ ಪದ್ಧತಿ. ಆಸ್ತಿ, ಸಂಬಂಧ, ವಿಶ್ವಾಸಗಳು ಅದರಲ್ಲಿ ಹೆಣೆದುಕೊಂಡಿವೆ. ರಾಧಾರಮಾದೇವಿ, ಎನ್. ಅಪ್ಪಾಜಿರಾವ್, ಆಲನ್ ಬಿಟಲ್ಸ್ ಎಂಬ ವಿಜ್ಞಾನಿಗಳು ಕರ್ನಾಟಕದ 407 ಶಿಶು-ಮಕ್ಕಳನ್ನು ಪರೀಕ್ಷಿಸಿ 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 63 ಮಂದಿಯಲ್ಲಿ 35 ಬಗೆಯ ಆನುವಂಶಿಕ ರೋಗಗಳು ಕಂಡುಬಂದವು. ತಂದೆತಾಯಿಗಳಿಬ್ಬರೂ ಅಡಗಿದ ಒಂದೇ ದೋಷವನ್ನು ಹೊತ್ತಾಗ ಮಾತ್ರ ಹೊರಬೀಳುವ ರೋಗಗಳೇ ಅವುಗಳಲ್ಲಿ ಹೆಚ್ಚು. ಇಬ್ಬರೂ ಆರೋಗ್ಯವಂತರೇ, ಆದರೂ ಪ್ರತಿ ಬಸುರಿನಲ್ಲಿಯೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಎಲ್ಲ ಒಳಸಂಬಂಧಗಳೂ ಹೀಗಾಗುವುದಿಲ್ಲವೆಂಬುದು ನಿಜ. ಆದರೆ ಮನೆತನದಲ್ಲಿ ಒಬ್ಬರು ಹುಟ್ಟುಕಿವುಡರಿದ್ದಾಗಲೂ ವೈದ್ಯರನ್ನು ಕೇಳದೆ ಮತ್ತೆ ಅದೇ ಮನೆತನದಲ್ಲಿ ಹೆಣ್ಣು ತರುವುದು ವಿವೇಕವೆನಿಸದು.

ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು. ಸಂಜೆಯಾದೊಡನೆ ಎಡವುವ ಮಗುವನ್ನು ಕಂಡರೆ ನಮ್ಮವರಿಗೆ ಮೊದಲು ಹೊಳೆಯುವುದು ಸೊಪ್ಪು-ತರಕಾರಿಯ ಕೊರತೆ. ಬಹುತೇಕ ಅದು ಸರಿಯೇ. ಆದರೆ ಆ ಮಗು ಕಿವುಡೂ ಆಗಿದ್ದರೆ ನೇತ್ರವೈದ್ಯರ ಬಳಿಗೆ ಕರೆದೊಯ್ಯಲು ತಡಮಾಡಬಾರದು. ಕಣ್ಣಿನ ಬೆಳಕು ಪೂರ್ತಿ ಆರುವ ಮೊದಲೇ ಬ್ರೈಲನ್ನೂ ಸ್ಪರ್ಶಭಾಷೆಯನ್ನೂ ಕಲಿತರೆ ಮುಂದಿನ ಬಾಳು ಅಷ್ಟು ಕತ್ತಲಾಗದು.

ಕರೆದೊಯ್ಯುವುದಾದರೂ ಎಲ್ಲಿಗೆ? ಬಹುಕಾಲ ಇದಕ್ಕೆ ಉತ್ತರ ಮೈಸೂರು ಒಂದೇ. 1965ರಲ್ಲಿ ಮೈಸೂರಿನಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ದೇಶಕ್ಕೇ ಹಿರಿಯದು. ಚಾಮರಾಜನಗರದವರಿಗೆ ರೈಲುದಾರಿಯಿತ್ತು, ಗುಂಡ್ಲುಪೇಟೆಯವರಿಗೆ ಇಂದಿಗೂ ರೈಲಿಲ್ಲ. ಸುಮಾರು 60 ಕಿಲೋಮೀಟರು ಬಸ್ಸಿನಲ್ಲಿ ಹೋಗಿ, ದಿನಗೂಲಿ ಬಿಟ್ಟು ಸರದಿಯಲ್ಲಿ ನಿಲ್ಲಬೇಕಾದ ತಂದೆ ಎಷ್ಟು ಸಲ ಹೋಗಬಲ್ಲ? 1997ರಲ್ಲಿ ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾಯಿತು. ವೈದ್ಯಕೀಯ ಕಾಲೇಜು ಬಂದದ್ದು 2016ರಲ್ಲಿ. ಈ ನಡುವೆ ಕರುಣಾ ಟ್ರಸ್ಟ್ ನಡೆಸುವ ಯಳಂದೂರು ತಾಲ್ಲೂಕಿನ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾಕ್ ಶ್ರವಣ ಸಂಸ್ಥೆಯು ತನ್ನ ಸೇವಾಕೇಂದ್ರವನ್ನು ತೆರೆದದ್ದು ಸಣ್ಣ ಸಂಗತಿಯಾದರೂ ಸರಿಯಾದ ದಿಕ್ಕಿನದು. ನಿದ್ರಿಸುವ ಶಿಶುವಿನ ಕಿವಿಗೆ ಮೆಲುದನಿಯೊಂದನ್ನು ಕಳಿಸಿ, ಒಳಗಿವಿಯಿಂದ ಮರಳುವ ಸೂಕ್ಷ್ಮ ಪ್ರತಿಧ್ವನಿಯನ್ನು ಅಳೆಯುವ ವಿಧಾನ ಈಗ ಇದೆ. ಕೆಲವೇ ನಿಮಿಷಗಳ ಕೆಲಸ. ಅದನ್ನು ಹೆರಿಗೆಯಾದ ಊರಿನಲ್ಲಿಯೇ ಮಾಡಬೇಕು.

ಕಾನೂನಿನ ಚರಿತ್ರೆಯೂ ಗಣತಿಯ ಚರಿತ್ರೆಯಂತೆಯೇ ನಿಧಾನದ್ದು. 1995ರ ಅಂಗವಿಕಲರ ಕಾಯಿದೆ ಏಳು ವೈಕಲ್ಯಗಳನ್ನು ಹೆಸರಿಸಿತು, ಕಿವುಡು-ಅಂಧತ್ವ ಅವುಗಳಲ್ಲಿರಲಿಲ್ಲ. 2011ರ ಗಣತಿ ಬಹುವೈಕಲ್ಯಕ್ಕೆ ಅಂಕಣ ತೆರೆದು ದೇಶದಲ್ಲಿ 21 ಲಕ್ಷಕ್ಕೂ ಮಿಕ್ಕಿ ಅಂತಹವರನ್ನು ಎಣಿಸಿತು. ಅವರಲ್ಲಿ ಕಣ್ಣು ಕಿವಿಗಳೆರಡೂ ಇಲ್ಲದವರೆಷ್ಟೆಂದು ಆ ಒಟ್ಟು ಸಂಖ್ಯೆ ಹೇಳುವುದಿಲ್ಲ. 2016ರ ಕಾಯಿದೆಯಲ್ಲಿ ಮಾತ್ರ ಈ ಸ್ಥಿತಿಯ ಹೆಸರು ಸ್ಪಷ್ಟವಾಗಿ ಬಂತು. ಉದ್ಯೋಗ ಮೀಸಲಾತಿಯಲ್ಲಿಯೂ ಸೇರಿತು. ಹಳ್ಳಿಯಲ್ಲಿ 'ಬುದ್ಧಿಯಿಲ್ಲದ ಮಗು' ಎಂದು ಮೂಲೆಗೆ ಕೂರಿಸಿದವರಲ್ಲಿ ಕೆಲವರಾದರೂ ಬುದ್ಧಿಯುಳ್ಳವರೇ, ಬುದ್ಧಿಗೆ ದಾರಿ ಸಿಗದವರು ಎಂಬುದನ್ನು ಈ ಹೆಸರು ಬಂದ ಮೇಲೆ ಅಧಿಕಾರಿಗಳಿಗೆ ಹೇಳುವುದು ಸುಲಭವಾಗಿದೆ.

ದಾರಿ ತೆರೆದವರಲ್ಲಿ ಪಂಡಿತರಷ್ಟೇ ಇಲ್ಲ. ಜಪಾನಿನ ಸತೋಶಿ ಫುಕುಶಿಮಾ ಎಂಬವರು ಒಂಬತ್ತನೆಯ ವಯಸ್ಸಿಗೆ ಕಣ್ಣನ್ನೂ ಹದಿನೆಂಟಕ್ಕೆ ಕಿವಿಯನ್ನೂ ಕಳೆದುಕೊಂಡರು. 1981ರಲ್ಲಿ ಅವರ ತಾಯಿ ಮಗನ ಬೆರಳುಗಳನ್ನೇ ಬ್ರೈಲ್ ಯಂತ್ರದ ಕೀಲಿಗಳೆಂದು ಭಾವಿಸಿ ಒತ್ತಿ ಮಾತನಾಡಿಸಿದರು. ಎರಡೂ ಕೈಗಳ ಮೂರು ಮೂರು ಬೆರಳು, ಒಟ್ಟು ಆರು ಚುಕ್ಕಿ. ಆ ಮಗ ಮುಂದೆ ಟೋಕಿಯೋ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾದರು. ಕನ್ನಡ ಬ್ರೈಲೂ ಆರೇ ಚುಕ್ಕಿಗಳದ್ದು. ಆದುದರಿಂದ ಕನ್ನಡವನ್ನು ಬೆರಳ ಮೇಲೆ ಆಡಲು ಹೊಸ ಲಿಪಿ ಬೇಕಿಲ್ಲ; ಬ್ರೈಲ್ ಬಲ್ಲ ಒಬ್ಬರು ಮನೆಯಲ್ಲಿದ್ದರೆ ಸಾಕು.

ಹುಟ್ಟಿನಿಂದಲೇ ಭಾಷೆಯಿಲ್ಲದ ಶಿಶುವಿಗೆ ಇನ್ನೂ ಮೊದಲಿನಿಂದ ಆರಂಭಿಸಬೇಕು. ನೆದರ್‌ಲೆಂಡಿನ ಯಾನ್ ಫಾನ್ ಡೈಕ್ ಅವರು ರುಬೆಲ್ಲಾದಿಂದ ನೊಂದ ಮಕ್ಕಳಿಗೆ ವಸ್ತುಗಳನ್ನೇ ಶಬ್ದಗಳನ್ನಾಗಿ ಮಾಡಿ ಕಲಿಸಿದರು. ಸ್ನಾನಕ್ಕೆ ಮೊದಲು ಚೊಂಬನ್ನು ಮುಟ್ಟಿಸುವುದು, ಊಟಕ್ಕೆ ಮೊದಲು ತಟ್ಟೆಯನ್ನು ಮುಟ್ಟಿಸುವುದು, ಹೊರಗೆ ಹೊರಡುವಾಗ ಚಪ್ಪಲಿಯನ್ನು ಕೈಗೆ ಕೊಡುವುದು. ಪ್ರತಿದಿನವೂ ಅದೇ ವಸ್ತು, ಅದೇ ಕ್ರಮ. ತಾಯಿ ಹತ್ತಿರ ಬಂದಾಗ ತನ್ನ ಬಳೆಯನ್ನೊಮ್ಮೆ ಮುಟ್ಟಿಸಿದರೆ ಮಗುವಿಗೆ ಬಂದವರು ಯಾರೆಂದು ತಿಳಿಯುತ್ತದೆ. ಇದಕ್ಕೆ ಮೈಸೂರಿಗೆ ಹೋಗುವ ಬಸ್ಸನ್ನು ಕಾಯಬೇಕಾಗಿಲ್ಲ. ವೈದ್ಯರ ಪರೀಕ್ಷೆ ನಡೆಯುತ್ತಿರುವ ತಿಂಗಳುಗಳಲ್ಲಿಯೇ ಗುಂಡ್ಲುಪೇಟೆಯ ಯಾವ ಮನೆಯಲ್ಲಿಯಾದರೂ ತೊಡಗಬಹುದು.