ವಿಧೇಯಕದ ನಿಲುವು, ಬಜೆಟ್ಟಿನ ನಿಲುವು: 2017ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ತಿದ್ದುಪಡಿ ಮತ್ತು ಹುಬ್ಬಳ್ಳಿ-ಧಾರವಾಡ

ಸದನದ ಮುಂದಿರುವ ವಿಧೇಯಕದ ಬಗ್ಗೆ ಸರ್ಕಾರದ ನಿಲುವನ್ನು ಅರಿಯಲು ಸಂಶೋಧಕರು ಹೆಚ್ಚಾಗಿ ಸಚಿವರ ಭಾಷಣವನ್ನೂ ಉದ್ದೇಶ-ಕಾರಣಗಳ ಹೇಳಿಕೆಯನ್ನೂ ಆಧರಿಸುತ್ತಾರೆ. ಆರೋಗ್ಯದ ವಿಷಯದಲ್ಲಿ ಇಷ್ಟೇ ಸಾಲದು, ಬಜೆಟ್ಟನ್ನೂ ಜೊತೆಗಿಟ್ಟು ಓದಬೇಕು ಎಂಬುದು ಈ ಲೇಖನದ ವಾದ.

ಸಂವಿಧಾನದ ಚೌಕಟ್ಟು

ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆಗಳು ರಾಜ್ಯ ಪಟ್ಟಿಯ 6ನೆಯ ನಮೂದಿನಲ್ಲಿವೆ. ಆಸ್ಪತ್ರೆಗಳನ್ನು ನಿಯಂತ್ರಿಸುವ ಮಸೂದೆ ಸಾಮಾನ್ಯ ವಿಧೇಯಕ. ಅದು ಸಮಿತಿಗೆ ಹೋಗಬಹುದು, ಅದರ ಕಲಮುಗಳು ಬದಲಾಗಬಹುದು. ಹಣ ಒದಗಿಸುವ ಧನವಿನಿಯೋಗ ವಿಧೇಯಕಕ್ಕೆ ಈ ಅವಕಾಶವಿಲ್ಲ. 204ನೆಯ ವಿಧಿಯಂತೆ ಮಂಜೂರಾದ ಅನುದಾನದ ಮೊತ್ತವನ್ನು ಬದಲಿಸುವ ತಿದ್ದುಪಡಿಯನ್ನು ಸೂಚಿಸುವಂತಿಲ್ಲ. ಅದು ಧನ ವಿಧೇಯಕವಾದ್ದರಿಂದ 198ನೆಯ ವಿಧಿಯಂತೆ ವಿಧಾನ ಪರಿಷತ್ತು 14 ದಿನಗಳೊಳಗೆ ಶಿಫಾರಸು ಮಾಡಬಹುದು, ಅಷ್ಟೆ.

2017ರ ಪ್ರಕರಣ

ಆಸ್ಪತ್ರೆಗಳನ್ನು ನಿಯಂತ್ರಿಸುವ ಕೇಂದ್ರದ 2010ರ ಕಾಯ್ದೆಯನ್ನು ಅಳವಡಿಸಿಕೊಳ್ಳದ ಕರ್ನಾಟಕಕ್ಕೆ 2007ರ ತನ್ನದೇ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಿದೆ. ನಿವೃತ್ತ ನ್ಯಾಯಮೂರ್ತಿ ವಿಕ್ರಮಜಿತ್ ಸೇನ್ ಸಮಿತಿಯ ವರದಿಯ ನಂತರ ಆರೋಗ್ಯ ಸಚಿವ ಕೆ.ಆರ್. ರಮೇಶ್ ಕುಮಾರ್ 2017ರಲ್ಲಿ ಅದಕ್ಕೆ ತಿದ್ದುಪಡಿ ಮಸೂದೆ ತಂದರು. ದರ ನಿಗದಿ, ರೋಗಿಗಳ ಹಕ್ಕುಗಳ ಸನ್ನದು, ಜಿಲ್ಲಾ ಮಟ್ಟದ ದೂರು ಪರಿಹಾರ ವ್ಯವಸ್ಥೆ ಮತ್ತು ಜೈಲು ಶಿಕ್ಷೆ ಅದರಲ್ಲಿದ್ದವು. ಮಸೂದೆ ಜಂಟಿ ಸಮಿತಿಗೆ ಹೋಯಿತು. ನವೆಂಬರಿನಲ್ಲಿ ಬೆಳಗಾವಿ ಅಧಿವೇಶನ ನಡೆದಾಗ ಖಾಸಗಿ ವೈದ್ಯರು ಅಲ್ಲಿ ಪ್ರತಿಭಟಿಸಿದರು. ರಾಜ್ಯದಾದ್ಯಂತ ಖಾಸಗಿ ಆಸ್ಪತ್ರೆಗಳ ಹೊರರೋಗಿ ಸೇವೆ ನಿಂತಿತು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ವೈದ್ಯರೊಡನೆ ಮಾತುಕತೆ ನಡೆಸಿದ ಬಳಿಕ ಮುಷ್ಕರ ಮುಗಿದು, ಸಡಿಲಗೊಂಡ ಮಸೂದೆ ಅಂಗೀಕಾರವಾಯಿತು. ದರ ನಿಗದಿ ಸರ್ಕಾರಿ ಯೋಜನೆಗಳ ರೋಗಿಗಳಿಗೆ ಸೀಮಿತವಾಯಿತು. ಆದರೆ ಬಾಕಿ ಹಣಕ್ಕಾಗಿ ಮೃತದೇಹವನ್ನು ತಡೆಹಿಡಿಯಬಾರದೆಂಬ ನಿಯಮ ಉಳಿಯಿತು. ಇದು ಸಣ್ಣ ಗೆಲುವಲ್ಲ.

ಅವಳಿ ನಗರದ ನೆಲೆಯಿಂದ

ಖಾಸಗಿ ಬಾಗಿಲು ಮುಚ್ಚಿದಾಗ ಬಡವರಿಗೆ ಉಳಿಯುವುದು ಸರ್ಕಾರಿ ಆಸ್ಪತ್ರೆ. ಹುಬ್ಬಳ್ಳಿಯಲ್ಲಿ ಅದೆಂದರೆ 1957ರಲ್ಲಿ ಆರಂಭವಾದ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಜನರ ಬಾಯಲ್ಲಿ ಇಂದಿಗೂ ಕಿಮ್ಸ್. ಗದಗ, ಹಾವೇರಿ, ಉತ್ತರ ಕನ್ನಡದ ರೋಗಿಗಳೂ ಇಲ್ಲಿಗೇ ಬರುತ್ತಾರೆ. ಮಸೂದೆ ತಂದದ್ದು ಆರೋಗ್ಯ ಇಲಾಖೆ. ಕಿಮ್ಸ್ ಇರುವುದು ವೈದ್ಯಕೀಯ ಶಿಕ್ಷಣ ಇಲಾಖೆಯಡಿ. ಎರಡನ್ನೂ ಬೆಸೆಯಬಹುದಾಗಿದ್ದವರು ಹಣಕಾಸು ಖಾತೆಯನ್ನೂ ಹೊಂದಿದ್ದ ಮುಖ್ಯಮಂತ್ರಿ. ಆದರೆ ಆ ವರ್ಷದ ಬಜೆಟ್ ಮಾರ್ಚ್ 15ರಂದೇ ಮಂಡನೆಯಾಗಿತ್ತು. ಸಂಘಟಿತ ವೈದ್ಯರು ಮಸೂದೆಯ ಕಲಮುಗಳನ್ನು ಬದಲಿಸಬಲ್ಲವರಾದರು. ಕಿಮ್ಸಿನ ವಾರ್ಡುಗಳಿಗೆ ಸಿಗುವ ಅನುದಾನದ ಬಗ್ಗೆ ಅಲ್ಲಿನ ರೋಗಿಗೆ ಮಾತಾಡಲು ಅಂಥ ವೇದಿಕೆಯೇ ಇರಲಿಲ್ಲ.

ತೀರ್ಮಾನ

2017ರ ರಾಷ್ಟ್ರೀಯ ಆರೋಗ್ಯ ನೀತಿ, ರಾಜ್ಯಗಳು 2020ರೊಳಗೆ ತಮ್ಮ ಬಜೆಟ್ಟಿನ ಶೇ. 8ಕ್ಕಿಂತ ಹೆಚ್ಚನ್ನು ಆರೋಗ್ಯಕ್ಕೆ ವೆಚ್ಚ ಮಾಡಬೇಕೆಂದು ಗುರಿಯಿಟ್ಟಿತ್ತು. ಆ ಗುರಿ ಇಲ್ಲಿ ಮುಖ್ಯ, ಏಕೆಂದರೆ ಖಾಸಗಿಯನ್ನು ನಿಯಂತ್ರಿಸುವ ನಿಲುವು ಗಟ್ಟಿಯಾಗಿ ನಿಲ್ಲುವುದು ಸರ್ಕಾರಿ ಆಸ್ಪತ್ರೆ ಗಟ್ಟಿಯಾಗಿದ್ದಾಗ ಮಾತ್ರ. ಆದ್ದರಿಂದ ಆರೋಗ್ಯ ಸಂಬಂಧಿ ಪ್ರತಿ ವಿಧೇಯಕದ ಆರ್ಥಿಕ ಜ್ಞಾಪನಪತ್ರವೂ ಸರ್ಕಾರಿ ಆಸ್ಪತ್ರೆಗಳ ಮೇಲೆ ಬೀಳುವ ಹೊರೆಯನ್ನು ಜಿಲ್ಲಾವಾರು ಲೆಕ್ಕಹಾಕಿ ಸದನದ ಮುಂದಿಡಬೇಕು. ಶಾಸಕರು ಅದನ್ನು ಕೇಳಬೇಕು, ಸಂಶೋಧಕರು ಅದನ್ನು ಪರಿಶೀಲಿಸಬೇಕು.