ಮಂಗನ ಕಾಯಿಲೆಯ ಸೀಮೆಯಲ್ಲಿ ಮನಸ್ಸಿನ ಪ್ರಥಮ ಚಿಕಿತ್ಸೆ

1957ರಲ್ಲಿ ಸೊರಬ ಸೀಮೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆಯು ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಿಗೆ ಹೊಸತೇನೂ ಅಲ್ಲ. ಆದರೂ 2018ರ ಕೊನೆಯಿಂದ ಮರುವರ್ಷದ ಬೇಸಗೆಯವರೆಗೆ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಅದು ತಂದ ಮರಣಗಳನ್ನು ಕುರಿತು ಬರೆದವರಲ್ಲಿ ಎಷ್ಟು ಮಂದಿ, ಕಾಯಿಲೆ ಹರಡುವ ಉಣುಗಿನ ಭಯದ ನಡುವೆ, ಅದನ್ನು ದೂರವಿಡಲು ಮೈಗೆ ಹಚ್ಚುವ ಡಿಎಂಪಿ ಎಣ್ಣೆಯನ್ನು ಹಂಚುತ್ತ ಮನೆಮನೆ ತಿರುಗಿದ ಆಶಾ ಕಾರ್ಯಕರ್ತೆಯರ ಮತ್ತು ಆರೋಗ್ಯ ಸಹಾಯಕಿಯರ ಅಂತಃಕರಣವನ್ನು ವಿಚಾರಿಸಿದರು?

ಈ ವಿಚಾರಣೆಗೆ ಒಂದು ಶಾಸ್ತ್ರವೇ ಉಂಟು. 1942ರಲ್ಲಿ ಬಾಸ್ಟನ್ನಿನ ನೈಟ್‌ಕ್ಲಬ್ಬೊಂದು ದಗ್ಧವಾದಾಗ ಬದುಕುಳಿದವರ ಹಾಗೂ ಬಂಧುವಿಯೋಗವಾದವರ ಶೋಕವನ್ನು ಮನೋವೈದ್ಯ ಎರಿಕ್ ಲಿಂಡೆಮನ್ ಅಭ್ಯಸಿಸಿದನು. 1954ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ಸಮುದಾಯದ ದುರಂತಗಳಲ್ಲಿ ನೀಡಬೇಕಾದ ಮಾನಸಿಕ ಪ್ರಥಮ ಚಿಕಿತ್ಸೆಯನ್ನು ಕುರಿತು ಕೈಪಿಡಿ ಪ್ರಕಟಿಸಿತು. 1983ರಲ್ಲಿ ಜೆಫ್ರಿ ಮಿಚೆಲ್ ರೂಪಿಸಿದ ವಿಧಾನದಲ್ಲಿ, ಘೋರವನ್ನು ಕಂಡ ರಕ್ಷಣಾ ಸಿಬ್ಬಂದಿಯನ್ನು ಒಟ್ಟುಗೂಡಿಸಿ ಕಂಡದ್ದನ್ನೆಲ್ಲ ಹೇಳಿಸುವ ಪದ್ಧತಿಯಿತ್ತು. ಅದು ಬಹುಕಾಲ ಮಾನ್ಯವಾಗಿದ್ದಿತು. ಆದರೆ 2002ರ ಕಾಕ್ರೇನ್ ಸಮೀಕ್ಷೆಯು, ಒಂದೇ ಬೈಠಕ್ಕಿನ ಇಂತಹ ಕಥನದಿಂದ ಮುಂದಿನ ಆಘಾತವ್ಯಾಧಿ ತಪ್ಪುವುದಿಲ್ಲವೆಂದು ತೋರಿಸಿತು. ನೊಂದವರ ಬಾಯಿ ಬಿಡಿಸುವುದೇ ಉಪಚಾರವೆಂಬ ಭ್ರಮೆ ನಮ್ಮ ಸಾವಿನ ಮನೆಗಳಲ್ಲಿಯೂ ಕಡಿಮೆಯೇನಿಲ್ಲ. 2011ರ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗದರ್ಶಿಯು ಹಿಡಿದ ದಾರಿ ಇದಕ್ಕೆ ವಿಪರೀತವಾದುದು: ನೋಡುವುದು, ಕೇಳಿಸಿಕೊಳ್ಳುವುದು, ಬೇಕಾದ ನೆರವಿನೊಡನೆ ಸೇರಿಸುವುದು, ಹೇಳಲೊಲ್ಲದವರನ್ನು ಒತ್ತಾಯಿಸದಿರುವುದು.

ನಮ್ಮ ನಿಮ್ಹಾನ್ಸ್ 1981ರ ಬೆಂಗಳೂರಿನ ಸರ್ಕಸ್ಸಿನ ಅಗ್ನಿದುರಂತದಲ್ಲಿ ನೊಂದ ಕುಟುಂಬಗಳನ್ನು ಅಧ್ಯಯನ ಮಾಡಿತು. ಮುಂದೆ ಭೋಪಾಲದ ಅನಿಲ ದುರಂತ, ಗುಜರಾತಿನ ಭೂಕಂಪ, 2004ರ ಸುನಾಮಿಗಳಲ್ಲಿ ಅದರ ತಜ್ಞರು ದುಡಿದರು. ಅಲ್ಲೆಲ್ಲ ಆರೋಗ್ಯ ಕಾರ್ಯಕರ್ತರು ಬಹುಮಟ್ಟಿಗೆ ಉಪಚಾರದ ಸಾಧನ, ಪಾತ್ರರಲ್ಲ. ತಪ್ಪೆಸಗಿದ ವೈದ್ಯನೂ ಆ ಘಟನೆಯ ಎರಡನೆಯ ಬಲಿಯೆಂದು ಅಮೆರಿಕದ ವೈದ್ಯ ಆಲ್ಬರ್ಟ್ ವೂ 2000ದಲ್ಲಿ ಬರೆದಿದ್ದರೂ, ಉಪಚಾರಕರ ಸಂಕಟ ಇಲ್ಲಿ ಸಾರ್ವಜನಿಕ ಚರ್ಚೆಗೆ ಬಂದುದು, 2020ರ ಕೊರೋನಾ ಸಮೀಕ್ಷೆಗೆ ಹೋದ ಆಶಾ ಕಾರ್ಯಕರ್ತೆಯರು ಬೆಂಗಳೂರಿನಲ್ಲಿಯೇ ಹಲ್ಲೆಗೊಳಗಾದ ಮೇಲೆ. 2022ರ ಅಕ್ಟೋಬರಿನಲ್ಲಿ ಮಾನಸಿಕ ನೆರವಿನ ಟೆಲಿ-ಮಾನಸ್ ದೂರವಾಣಿ, 14416, ಆರಂಭವಾಯಿತು.

ಆದರೆ ಮಲೆನಾಡಿನ ಆಘಾತ ಒಂದು ದಿನದ ಅಪಘಾತವಲ್ಲ. ಜ್ವರವು ಡಿಸೆಂಬರಿನಿಂದ ಮೇವರೆಗೆ ವರ್ಷವರ್ಷವೂ ಮರಳುವುದರಿಂದಲೂ, ಸತ್ತವರು ಉಪಚಾರಕಿಯ ನೆರೆಹೊರೆಯವರೇ ಆಗಿರಬಹುದಾದುದರಿಂದಲೂ, ಆ ಆಘಾತವನ್ನು ಬಿಟ್ಟು ಹೋಗಲು ಅವಳಿಗೆ ಬೇರೊಂದು ಊರಿಲ್ಲ. ಅವಳು ಹಾಕಿಸಿಕೊಳ್ಳಿರೆಂದು ಬೇಡಿಕೊಂಡ ಲಸಿಕೆಯೇ ಸಾಕಷ್ಟು ಪರಿಣಾಮಕಾರಿಯಲ್ಲವೆಂದು 2022ರಲ್ಲಿ ನಿಂತುಹೋದ ಬಳಿಕ, ಆ ಜಗುಲಿಗಳನ್ನೇ ಅವಳು ಮತ್ತೆ ಹತ್ತಬೇಕು. ಇದಕ್ಕೆ ದೂರವಾಣಿಯೊಂದೇ ಸಾಲದೆಂಬುದು ನನ್ನ ಅಭಿಪ್ರಾಯ. ಸಾವಿನ ಮರುದಿನ ಕೆಲಸದಿಂದ ಬಿಡುವು, ಮನೆಯವರೆಗೆ ಜೊತೆ, ಲೆಕ್ಕಪತ್ರ ಕೇಳದ ವೈದ್ಯಾಧಿಕಾರಿ, ನಿದ್ರೆ ವಾರಗಟ್ಟಲೆ ಬಾರದಿದ್ದರೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಜ್ಞರು, ಇವೆಲ್ಲ ಅವಳಿಗೆ ಹತ್ತಿರದಲ್ಲಿಯೇ ಒದಗಬೇಕು. ಎಣ್ಣೆಯ ದಾಸ್ತಾನನ್ನು ಮಳೆಗಾಲದಲ್ಲಿಯೇ ಲೆಕ್ಕಹಾಕುವಂತೆ, ಮೂರು ತಾಲ್ಲೂಕುಗಳ ವೈದ್ಯಾಧಿಕಾರಿಗಳಿಗೂ ಹಿರಿಯ ದಾದಿಯರಿಗೂ ಮನಸ್ಸಿನ ಪ್ರಥಮ ಚಿಕಿತ್ಸೆಯ ತರಬೇತಿ ಆಗಲೇ ದೊರೆಯಬೇಕು; ಮೊದಲ ಜ್ವರ ಬಿದ್ದ ಮೇಲೆ ಕಲಿಯಲು ಯಾರಿಗೂ ಪುರಸೊತ್ತಿರುವುದಿಲ್ಲ.