ಫ್ಲೋರೋಸಿಸ್ ಹಲ್ಲಿಗೆ ರೆಸಿನ್ ಅಂಟುವ ಬಗೆ

ಕೊಳ್ಳೇಗಾಲ, ಹನೂರು ಹಾಗೂ ಯಳಂದೂರು ತಾಲ್ಲೂಕುಗಳು ಸೇರಿರುವ ಚಾಮರಾಜನಗರವು ಅಂತರ್ಜಲದಲ್ಲಿ ಫ್ಲೋರೈಡ್ ಅಂಶ ಮಿತಿ ಮೀರಿರುವ ಜಿಲ್ಲೆಗಳ ಪೈಕಿ ಒಂದೆಂದು ಕೇಂದ್ರ ಅಂತರ್ಜಲ ಮಂಡಳಿ ಗುರುತಿಸಿದೆ. ಎಲ್ಲ ಊರುಗಳ ನೀರೂ ಹಾಗಿಲ್ಲ. ಒಂದು ಕೊಳವೆಬಾವಿಯಿಂದ ಮತ್ತೊಂದಕ್ಕೆ ಪ್ರಮಾಣ ಬದಲಾಗುತ್ತದೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಸ್ವೀಕಾರಾರ್ಹ. ಬೇರೆ ಜಲಮೂಲವಿಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಅವಕಾಶವಿದೆ.

ಹಲ್ಲು ರೂಪುಗೊಳ್ಳುವ ಬಾಲ್ಯದಲ್ಲಿ ಇಂತಹ ನೀರು ಕುಡಿದವರ ಹಲ್ಲುಗಳ ಮೇಲೆ ಸುಣ್ಣದಂತಹ ಬಿಳಿ ಅಥವಾ ಕಂದು ಕಲೆಗಳು ಮೂಡುತ್ತವೆ. ಇದು ಹಲ್ಲುಜ್ಜದ ಸೋಮಾರಿತನದ ಗುರುತಲ್ಲ, ಉಜ್ಜಿದರೆ ಹೋಗುವುದೂ ಇಲ್ಲ. ಕಲೆ ಮರೆಮಾಡಲು ಹಲ್ಲಿನ ಬಣ್ಣದ ರೆಸಿನ್ ಲೇಪಿಸಿಕೊಂಡವರಲ್ಲಿ, ಹಲ್ಲಿಗೆ ತಂತಿ ಕಟ್ಟಿಸಿಕೊಂಡವರಲ್ಲಿ ಕೆಲವರಿಗೆ ಅದು ಬೇಗನೆ ಕಳಚಿಬೀಳುವ ಅನುಭವವಾಗುತ್ತದೆ. ದೋಷ ಅಂಟಿನದೆಂದು ಭಾವಿಸುವುದು ಸಹಜ. ಆದರೆ ಕಾರಣ ಅನೇಕ ವೇಳೆ ಹಲ್ಲಿನ ಮೇಲ್ಮೈಯಲ್ಲಿರುತ್ತದೆ.

ಹಲ್ಲಿನ ಹೊರಕವಚವಾದ ಎನಾಮಲ್‌ನ ತೂಕದಲ್ಲಿ ಸುಮಾರು ಶೇ. 96ರಷ್ಟು ಖನಿಜ. ನಯವಾದ ಅದರ ಮೇಲೆ ರೆಸಿನ್ ನೇರವಾಗಿ ನಿಲ್ಲದು. ಬಣ್ಣ ಹಿಡಿಯಲೆಂದು ಕಾರ್ಖಾನೆಗಳಲ್ಲಿ ಲೋಹಕ್ಕೆ ಫಾಸ್ಫಾರಿಕ್ ಆಮ್ಲ ಸವರುತ್ತಿದ್ದುದನ್ನು ಗಮನಿಸಿದ ಅಮೆರಿಕದ ಮೈಕೆಲ್ ಬ್ಯುನೊಕೋರ್, 1955ರಲ್ಲಿ ಅದೇ ಉಪಾಯವನ್ನು ಹಲ್ಲಿಗೆ ಅನ್ವಯಿಸಿದರು. ಅವರು ಶೇ. 85ರ ಆಮ್ಲ ಬಳಸಿದ್ದರು, ಇಂದು ಶೇ. 37ರ ಆಸುಪಾಸಿನ ಆಮ್ಲವನ್ನು 15ರಿಂದ 30 ಸೆಕೆಂಡು ಹಚ್ಚಿ, ತೊಳೆದು, ಒಣಗಿಸುತ್ತಾರೆ. ಆಗ ಉಂಟಾಗುವ ಸೂಕ್ಷ್ಮ ರಂಧ್ರಗಳಿಗೆ ರೆಸಿನ್ ಇಳಿದು, ಗಟ್ಟಿಯಾಗಿ, ಬೇರಿನಂತೆ ಹಿಡಿದುಕೊಳ್ಳುತ್ತದೆ.

ಫ್ಲೋರೋಸಿಸ್ ಹಲ್ಲಿನಲ್ಲಿ ತೊಡಕು ಇಲ್ಲಿಯೇ. ಫ್ಲೋರೈಡ್ ಸೇರಿದ ಹೊರಪದರ ಆಮ್ಲಕ್ಕೆ ಸುಲಭವಾಗಿ ಕರಗುವುದಿಲ್ಲ. ಅದರ ಕೆಳಗಿನ ಪದರವೋ ಖನಿಜ ಕಡಿಮೆಯಾಗಿ ಟೊಳ್ಳಾಗಿರುತ್ತದೆ. ಆದ್ದರಿಂದ ಹೊರಪದರವನ್ನು ತೆಳುವಾಗಿ ಉಜ್ಜಿ ತೆಗೆಯುವುದು ಅಥವಾ ಆಮ್ಲದ ಅವಧಿಯನ್ನು ಹೆಚ್ಚಿಸುವುದು ರೂಢಿ. ಅವಧಿಯನ್ನು ಮನಬಂದಂತೆ ಹಿಗ್ಗಿಸಿದರೆ ಎನಾಮಲ್ ಸವೆಯುವುದೇ ಹೊರತು ಹಿಡಿತ ಹೆಚ್ಚುವುದಿಲ್ಲ. ಪ್ರತ್ಯೇಕ ಆಮ್ಲಲೇಪನವಿಲ್ಲದ ‘ಸೆಲ್ಫ್ ಎಚ್’ ಅಂಟುಗಳು ಸಮಯ ಉಳಿಸುತ್ತವೆಯಾದರೂ, ಅವುಗಳ ಆಮ್ಲೀಯತೆ ಸೌಮ್ಯವಾದುದರಿಂದ ಉಜ್ಜದ ಎನಾಮಲ್ ಮೇಲೆ ದುರ್ಬಲ. ಅಲ್ಯೂಮಿನಿಯಂ ಆಕ್ಸೈಡ್ ಪುಡಿಯನ್ನು ರಭಸದಿಂದ ಸಿಡಿಸಿ ಮೇಲ್ಮೈ ಒರಟುಗೊಳಿಸುವ ವಿಧಾನವೂ ಒಂಟಿಯಾಗಿ ಆಮ್ಲಕ್ಕೆ ಬದಲಿಯಾಗದು.

ಆಮ್ಲ ಹಚ್ಚಿದ ಭಾಗಕ್ಕೆ ಎಂಜಲು ತಾಗಿದರೂ ಅಂಟಿನ ಬಲ ಕುಸಿಯುತ್ತದೆ. ಕಲೆ ತಿಳಿಗೊಳಿಸಲು ಮೊದಲು ಪೆರಾಕ್ಸೈಡ್‌ನಿಂದ ಬಿಳುಪು ಮಾಡಿಸಿಕೊಂಡವರು ಒಂದೆರಡು ವಾರ ಕಾಯುವುದು ಒಳಿತು: ಹಲ್ಲಿನಲ್ಲಿ ಉಳಿದ ಆಮ್ಲಜನಕ ರೆಸಿನ್ ಗಟ್ಟಿಯಾಗುವುದನ್ನು ತಡೆಯುತ್ತದೆ.